ಅವ್ವ ಕಟ್ಟಿದ ಗ್ವಾದಲಿ

ಸುದ್ದಗುಂಟೆಪಾಳ್ಯದ ನಮ್ಮ ಬಾಡಿಗೆ ಮನೆಯ ಎದುರು ಬಾಗಿಲಿನ ಆಂಟಿ ಪ್ರತಿ ಕ್ರಿಸ್‌ಮಸ್‌ಗೂ ಕಟ್ಟಡದವರನ್ನೆಲ್ಲ ಊಟಕ್ಕೆ ಕರೆಯುತ್ತಿದ್ದರು. ನನಗೂ ನನ್ನ ಗಂಡನಿಗೂ ಮರೆಯದೆ ಬೇರೆ ಪಾತ್ರೆಯಲ್ಲಿ ತರಕಾರಿ ಪಲಾವ್ ಮಾಡಿಡುತ್ತಿದ್ದರು. ಆ ವರ್ಷ ಅವರಿಗೆ ಮಂಡಿ ಆಪರೇಷನ್ ಆಯಿತು. ವಾಕರ್ ಹಿಡಿದು ಬಾಗಿಲವರೆಗೆ ಬಂದವರು, "ಈ ಸಲ ಏನೂ ಇಲ್ಲ ಕಣಮ್ಮ. ನೆಲದ ಮೇಲೆ ಕೂತ್ಕೋಬಾರ್ದು ಅಂದಿದ್ದಾರೆ ಡಾಕ್ಟ್ರು. ಗೋದಲಿ ಕಟ್ಟೋಕೂ ಆಗಲ್ಲ" ಎಂದರು. ಅವರ ಮುಖ ನೋಡಲಾಗಲಿಲ್ಲ.

"ನಮ್ಮನೇಲಿ ಮಾಡೋಣ ಆಂಟಿ. ಡೆಕೊರೇಷನ್, ಊಟ, ಎಲ್ಲಾ ನಂದು" ಎಂದುಬಿಟ್ಟೆ.

ಒಳಗೆ ಬಂದ ಮೇಲೆ ಪರ್ಸು ತೆಗೆದು ಉಳಿದ ದುಡ್ಡು ಎಣಿಸಿದೆ. ಗಂಡ ಕೆಲಸ ಮಾಡುತ್ತಿದ್ದ ಕಂಪನಿ ದೀಪಾವಳಿ ಹೊತ್ತಿಗೆ ಮುಚ್ಚಿತ್ತು. ಮನೆ ನಡೆಯುತ್ತಿದ್ದುದು ನನ್ನೊಬ್ಬಳ ಸಂಬಳದಲ್ಲಿ. ಮರುದಿನ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ, ಅಂಗಡಿಗಳ ಮುಂದೆ ತೂಗುತ್ತಿದ್ದ ನಕ್ಷತ್ರ, ಬಣ್ಣದ ಗುಂಡುಗಳ ಬೆಲೆ ಕೇಳಿ, ಕೊನೆಗೆ ಗಾಳಿಪಟದ ಕಾಗದವಷ್ಟೇ ಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಅವ್ವ ಇದ್ದಳು. ಅಳಿಯನ ಕೆಲಸ ಹೋದ ಸುದ್ದಿ ಕೇಳಿ, ವಿಜಯಪುರದ ಕಡೆಯ ನಮ್ಮೂರಿನಿಂದ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಹೊತ್ತುಕೊಂಡು ಬಂದಿದ್ದಳು.

"ಯಾವ ಹಬ್ಬ ಇದು?" ಎಂದು ಕೇಳಿದಳು.

"ಅವ್ರ ದೇವ್ರು ಹುಟ್ಟಿದ ದಿನ ಅವ್ವಾ. ದನದ ಕೊಟ್ಟಿಗ್ಯಾಗ ಹುಟ್ಟಿದ್ನಂತ. ಆಂಟಿ ವರ್ಷಾ ಗೊಂಬಿ ಇಟ್ಟು ಕಟ್ತಾರ. ಗೋದಲಿ ಅಂತಾರ ಅದಕ್ಕ."

"ಗ್ವಾದಲಿ?" ಅವ್ವ ಕೈಯಲ್ಲಿದ್ದ ಜರಡಿ ಕೆಳಗಿಟ್ಟಳು. "ದನಕ್ಕ ಮೇವು ಹಾಕೂ ಗ್ವಾದಲಿ ಏನು? ಅದನ್ನ ಕಟ್ಟಾಕ ರೊಕ್ಕ ಯಾಕ ಬೇಕು?"

ಆಂಟಿ ತಮ್ಮ ಗೊಂಬೆಗಳ ಪೆಟ್ಟಿಗೆ ಕೊಟ್ಟರು. ತಾಯಿ, ತಂದೆ, ಕುರುಬರು ಇದ್ದರು. ದನಗಳು ಮಾತ್ರ ಯಾವಾಗಲೋ ಒಡೆದುಹೋಗಿದ್ದವು. ಕೂಸನ್ನು ಕೊನೆಗೆ ತಾವೇ ಇಡಬೇಕೆಂದು ತಮ್ಮ ಬಳಿಯೇ ಇಟ್ಟುಕೊಂಡರು.

"ದನ ಇಲ್ಲದ ಕೊಟ್ಟಿಗಿ ಎಂಥಾದ್ದು?" ಎಂದಳು ಅವ್ವ. ಭಾನುವಾರ ಅವಳನ್ನು ಸ್ಕೂಟರಿನಲ್ಲಿ ಬೇಗೂರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಬರುವಾಗ ಕೆರೆಯ ಬದಿಯಲ್ಲಿ ಗಾಡಿ ನಿಲ್ಲಿಸು ಎಂದವಳೇ ಇಳಿದುಹೋಗಿ, ಒಂದು ಉಂಡೆ ಜಿಗುಟು ಮಣ್ಣನ್ನು ಕವರಿನಲ್ಲಿ ತುಂಬಿಕೊಂಡು ಬಂದಳು. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲೂ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಅವ್ವನ ಕೈಗೆ ಅದು ರೊಟ್ಟಿ ಬಡಿದಷ್ಟೇ ಸಲೀಸು. ಸಂಜೆಯೊಳಗೆ ಒಂದು ಜೋಡಿ ಎತ್ತು, ಒಂದು ಕರು ಅಡುಗೆಮನೆ ಕಟ್ಟೆಯ ಮೇಲೆ ಒಣಗುತ್ತಿದ್ದವು.

ಹಿಂದಿನ ಬೀದಿಯಲ್ಲಿ ಹಸು ಸಾಕಿದ ಮನೆಯವರು ಒಂದು ಹಿಡಿ ಒಣಹುಲ್ಲು ಕೊಟ್ಟರು. ವಾರಗಟ್ಟಲೆ ಫೋನು ನೋಡುತ್ತ ಮೂಲೆ ಹಿಡಿದಿದ್ದ ನನ್ನ ಗಂಡ ತಾನಾಗಿಯೇ ಬಂದು, ಪೊರಕೆಕಡ್ಡಿಗಳನ್ನು ಕಟ್ಟಿ, ಗಾಳಿಪಟದ ಕಾಗದ ಅಂಟಿಸಿ ನಕ್ಷತ್ರ ಮಾಡಿದ. ಆಂಟಿಗೆ ಕುರ್ಚಿಯಿಂದಲೇ ಕಾಣಲೆಂದು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದೆವು. ಹಿಂದುಗಡೆ ನನ್ನ ಕಡುನೀಲಿ ಇಳಕಲ್ ಸೀರೆ, ಆಕಾಶದ ಬದಲಿಗೆ.

"ಅತ್ತಿ, ನಿಮ್ಮ ಎತ್ತು ಮನಶ್ಯಾರಕಿಂತ ದೊಡ್ಡವಾಗ್ಯಾವಲ್ರಿ!" ಎಂದ ಗಂಡ.

"ದೊಡ್ಡವ ಇರಬೇಕು. ಕೂಸಿಗೆ ಬೆಚ್ಚಗಿರತೈತಿ."

ಅವನು ಜೋರಾಗಿ ನಕ್ಕುಬಿಟ್ಟ. ಆ ನಗು ಕೇಳಿ ಎಷ್ಟು ದಿನವಾಗಿತ್ತೋ! ನಾನು ಸೀರೆಯ ನೆರಿಗೆ ಸರಿಮಾಡುವ ನೆಪದಲ್ಲಿ ಅತ್ತ ತಿರುಗಿದೆ.

ಕ್ರಿಸ್‌ಮಸ್ ದಿನ, ನಮ್ಮ ಕಷ್ಟ ತಿಳಿದಿದ್ದ ಕಟ್ಟಡದವರೆಲ್ಲ ತಾವಾಗಿಯೇ ಒಂದೊಂದು ಅಡುಗೆ ಹಿಡಿದು ಬಂದರು. ಆಂಟಿ ನಿಧಾನಕ್ಕೆ ಬಂದು, ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತು, ಎತ್ತುಗಳನ್ನೇ ದಿಟ್ಟಿಸತೊಡಗಿದರು. ಅವ್ವ ಗಾಬರಿಯಾದಳು.

"ತಪ್ಪಾತೇನ್ರಿ ಅಕ್ಕಾರ? ನಿಮ್ಮ ರೀತಿ ನಮಗ ಗೊತ್ತಿಲ್ಲ."

"ಇಲ್ಲಕ್ಕ. ಇಷ್ಟು ವರ್ಷ ಕಟ್ಟಿದೀನಿ, ಹುಲ್ಲಿನ ವಾಸನೆ ಬರೋ ಗೋದಲಿ ಇದೇ ಮೊದ್ಲು" ಎಂದ ಆಂಟಿ ಅವ್ವನ ಕೈ ಹಿಡಿದುಕೊಂಡರು. ಆಮೇಲೆ ಕರ್ಚೀಫಿನ ಗಂಟು ಬಿಚ್ಚಿ ಕೂಸನ್ನು ತೆಗೆದರು. ಕೈ ಎಟುಕಲಿಲ್ಲ. ಅವ್ವ ಮೇಜನ್ನೇ ಮೆಲ್ಲಗೆ ಅವರತ್ತ ಎಳೆದಳು. ಕೂಸು ಎರಡು ಎತ್ತುಗಳ ನಡುವೆ ಹುಲ್ಲಿನ ಮೇಲೆ ಮಲಗಿತು.

"ಎತ್ತಿನ ಹಣಿಗೆ ಇಭೂತಿ ಹಚ್ಲೇನ್ರಿ? ಬೋಳು ಹಣಿ ನೋಡಾಕ ಆಗವಲ್ದು" ಎಂದು ಅವ್ವ ಅಳುಕುತ್ತಲೇ ಕೇಳಿದಳು.

"ಹಚ್ಚಿ ಅಕ್ಕ. ನಿಮ್ಮೂರ ಎತ್ತಲ್ವಾ ಅವು" ಎಂದು ಆಂಟಿ ನಕ್ಕರು.

ಗಂಡನಿಗೆ ಕೆಲಸ ಸಿಕ್ಕಿದ್ದು ಬೇಸಿಗೆಯಲ್ಲಿ. ಕೋಣನಕುಂಟೆಗೆ ಮನೆ ಬದಲಿಸಿದ್ದು ಅದಾದ ಮೇಲೆ. ಆದರೆ ಆ ವರ್ಷ ಎಂದಾಗ ನನಗೆ ಕಾಣುವುದು ಅಂದಿನ ಊಟ. ಅವ್ವ ಆಂಟಿಯ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟು, ಬಾಣಂತಿಗೆ ಬಡಿಸಿದ ಹಾಗೆ "ಉಣ್ರಿ, ಸಾವಕಾಶ ಉಣ್ರಿ" ಎನ್ನುತ್ತ ಪಕ್ಕದಲ್ಲೇ ನಿಂತಿದ್ದಳು.