ರೊಟ್ಟಿ ಬಂತು, ಓವರ್

ವಾಬನ್ ಕೊಲ್ಲಿಯ ವಿಮಾನದ ದಕ್ಕೆಯಲ್ಲಿ ಮೂವತ್ತು ಬೇಸಿಗೆ ದುಡಿದೂ ವಿಮಾನ ಹತ್ತದ ಹೆಂಗಸೆಂದರೆ ಐಲಿ ಕೊಸ್ಕೆಲಾ ಒಬ್ಬಳೇ. ಹತ್ತಲೇ ಇಲ್ಲ ಎಂದರೆ ತಪ್ಪಾದೀತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಲ ಹತ್ತಿದ್ದಳು. ಕೊಲ್ಲಿ ದಾಟುವುದರೊಳಗೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಪೈಲಟನ ಟೋಪಿಯೊಳಕ್ಕೆ ಕಕ್ಕಿ, ಹೋದ ದಾರಿಯಲ್ಲೇ ವಾಪಸು ಬಂದಿದ್ದಳು. ಆ ಪೈಲಟ್ ಸತ್ತು ಎಷ್ಟೋ ಕಾಲವಾಯಿತು, ಟೋಪಿಯ ಕಥೆ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ನಮ್ಮೂರಿನವರು ಸಾಲ ಮರೆಯುತ್ತಾರೆ, ಉಪಕಾರ ಮರೆಯುತ್ತಾರೆ, ಇಂಥದ್ದನ್ನು ಮರೆಯುವುದಿಲ್ಲ.

ಬೇಸಿಗೆ ಬಂತೆಂದರೆ ದಕ್ಷಿಣದ ಪಟ್ಟಣಗಳಿಂದ ಗಾಳದ ಕೋಲು, ಬಿಯರು, ಸೊಳ್ಳೆಯ ಎಣ್ಣೆ ತುಂಬಿಕೊಂಡು ಕಾರುಗಳು ಬರುತ್ತವೆ. ರಸ್ತೆ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆ ಕಾಡು, ಬಂಡೆ, ನೀರು. ನೀರ ಮೇಲೆ ಇಳಿಯುವ ವಿಮಾನವೊಂದೇ ಗತಿ. ಬಂದವರನ್ನೂ ಅವರ ಗಂಟುಮೂಟೆಯನ್ನೂ ತಕ್ಕಡಿಗೆ ಹತ್ತಿಸಿ, ಹೆಚ್ಚಾದ ಬಿಯರನ್ನು ನಿರ್ದಾಕ್ಷಿಣ್ಯವಾಗಿ ಇಳಿಸಿ, ಒಂದೊಂದು ಗುಂಪನ್ನು ಒಂದೊಂದು ಕೆರೆಗೆ ಕಳಿಸುವುದು ಐಲಿಯ ಕೆಲಸ. ಒಂದು ವಾರ ಮರದ ಗುಡಿಸಲಲ್ಲಿ ಮಲಗಿ, ಮೀನು ಹಿಡಿದು, ಬಿಸಿಲಿಗೆ ಮೂಗು ಸುಲಿಸಿಕೊಂಡು ಅವರು ಮರಳುವಾಗ ಮುಖಗಳೇ ಬೇರೆ ಆಗಿರುತ್ತಿದ್ದವು. ಏನು ಕಂಡಿರಿ ಎಂದರೆ ಹೇಳಲು ಬರುತ್ತಿರಲಿಲ್ಲ. ಕೈ ಅಗಲಿಸಿ ಮೀನಿನ ಉದ್ದ ತೋರಿಸುತ್ತಿದ್ದರು, ಅದೂ ಸುಳ್ಳು.

ಕೆರೆಗಳನ್ನು ಐಲಿ ಕಂಡದ್ದು ಕಿವಿಯಲ್ಲಿ. ಕಚೇರಿಯ ಹಿಂದಿನ ಕೋಣೆಯಲ್ಲಿ ರೇಡಿಯೋ ಇತ್ತು, ಪ್ರತಿ ಕ್ಯಾಂಪಿನಲ್ಲೂ ಅಂಥದೇ ಒಂದು. ಸಂಜೆ ಏಳಕ್ಕೆ ಎಲ್ಲರೂ ಸರದಿಯಂತೆ ಮಾತಾಡಬೇಕು: ಬದುಕಿದ್ದೇವೆ, ಮೀನು ಕಚ್ಚುತ್ತಿದೆ, ಗಾಳಿ ಇಂಥ ಕಡೆಯಿಂದ, ಮೊಟ್ಟೆ ಮುಗಿದಿದೆ. ಮಾತು ಮುಗಿಸಿದವರು 'ಓವರ್' ಎನ್ನಬೇಕು, ಆಮೇಲೆ ಇನ್ನೊಬ್ಬರು ಬಾಯಿ ತೆಗೆಯಬೇಕು. ಒಬ್ಬರಾಡಿದ್ದು ಎಲ್ಲರಿಗೂ ಕೇಳುತ್ತದೆ. ಗೋಡೆಗೆ ಕಿವಿಯಿದೆ ಎನ್ನುತ್ತಾರಲ್ಲ, ನಮ್ಮಲ್ಲಿ ಕೆರೆಗೊಂದು ಕಿವಿ.

ಆ ಹೊತ್ತಿಗೆ ಉತ್ತರದಲ್ಲಿ ಇನ್ನೂ ಬೆಳಕು. ಐಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ರೇಡಿಯೋದ ಗೊರಗುಟ್ಟುವ ಸದ್ದಿನೊಳಗಿಂದ ಒಂದೊಂದು ದನಿಯೂ ಒಂದೊಂದು ಕೆರೆಯಾಗಿ ತೇಲಿಬರುತ್ತಿತ್ತು. ಎಲ್ಲಕ್ಕಿಂತ ಕೊನೆಗೆ, ಹಿಂದೆ ಯಾರೋ ದೋಣಿಯ ಹುಟ್ಟು ಕಳೆದುಕೊಂಡದ್ದಕ್ಕೆ ಆ ಹೆಸರು ಬಂದ 'ಹುಟ್ಟು ಕಳೆದ ಕೆರೆ'. ಅಲ್ಲಿ ಕ್ಯಾಂಪು ನೋಡಿಕೊಳ್ಳುವವನು ಎಜ್ರಾ, ಇನ್ನೂ ಉತ್ತರದ, ಒಜಿಬ್ವೆ ಮೂಲನಿವಾಸಿಗಳ ಹಳ್ಳಿಯವನು, ಹೆಂಡತಿ ತೀರಿಕೊಂಡು ಬಹಳ ವರ್ಷವಾದವನು. ಉಳಿದವರು ಮೀನಿನ ಲೆಕ್ಕ ಒಪ್ಪಿಸಿದರೆ ಅವನದು ಬೇರೆಯೇ ವರದಿ.

"ಇವತ್ತು ನೀರು ಅಲುಗಾಡ್ಲೇ ಇಲ್ಲ. ಲೂನ್ ಹಕ್ಕಿ ಮರೀನ ಬೆನ್ನಮೇಲೆ ಕೂರಿಸ್ಕೊಂಡು ಹೋಯ್ತು. ಅದರ ನೆರಳೂ ಮರಿ ಹೊತ್ಕೊಂಡು ಕೆಳಗೇ ಹೋಯ್ತು. ಯಾವ್ದು ಹಕ್ಕಿ, ಯಾವ್ದು ನೆರಳು ಅಂತ ಒಂದು ಗಳಿಗೆ ಗೊತ್ತಾಗ್ಲಿಲ್ಲ. ಸೀಮೆಎಣ್ಣೆ ಸಾಕಷ್ಟಿದೆ. ಓವರ್."

ಐಲಿಗೆ ಆ ರಾತ್ರಿ ಕನಸೆಲ್ಲ ನೀರು.

ಅವಳು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಫಿನ್‌ಲ್ಯಾಂಡಿನಿಂದ ಬಂದ ತಾಯಿ ಕಲಿಸಿದ ಪುಲ್ಲಾ ರೊಟ್ಟಿ ಅವಳ ಕೈಯಲ್ಲಿ ಹದವಾಗಿ ಬರುತ್ತಿತ್ತು: ಜಡೆ ಹೆಣೆದ ಹಾಗೆ ಹೆಣೆದು, ಏಲಕ್ಕಿ ಕುಟ್ಟಿ ಹಾಕಿ ಸುಟ್ಟದ್ದು. ಹುಟ್ಟು ಕಳೆದ ಕೆರೆಗೆ ಹೋಗುವ ಸಾಮಾನಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ ಒಂದು ರೊಟ್ಟಿ ತಪ್ಪದೆ ಇರುತ್ತಿತ್ತು. ಸಂಜೆ ಎಜ್ರಾ ಎಲ್ಲ ಹೇಳಿ ಮುಗಿಸಿ, ಸ್ವಲ್ಪ ತಡೆದು, "ರೊಟ್ಟಿ ಬಂತು, ಓವರ್" ಎನ್ನುತ್ತಿದ್ದ. ಅಷ್ಟೇ. ಆ ಎರಡು ಮಾತಿಗಾಗಿ ಇವಳು ಬೆಳಗಾಗೆದ್ದು ಹಿಟ್ಟು ನಾದುತ್ತಿದ್ದಳು.

ಸುಮ್ಮನಿರಲು ಡಾರ್ಕಸ್‌ಗೆ ಸಾಧ್ಯವೇ? ಎರಡು ಕೆರೆ ಆಚೆಯ ಕ್ಯಾಂಪಿನಲ್ಲಿ ಅಡುಗೆ ಮಾಡುವ ಈಕೆ ಎಜ್ರಾನ ಸೋದರತ್ತೆಯ ಮಗಳು. ಅವರಲ್ಲಿ ಆ ನಂಟಿನವರು ಒಬ್ಬರನ್ನೊಬ್ಬರು ಗೋಳು ಹೊಯ್ದುಕೊಳ್ಳದಿದ್ದರೆ ಮರ್ಯಾದೆ ಕೊಡಲಿಲ್ಲವೆಂದೇ ಅರ್ಥ.

"ಐಲಿ, ನಮ್ಮ ಕೆರೇಲೂ ಮನುಷ್ರೇ ಇರೋದು ಕಣೆ. ನಮಗ್ಯಾಕೆ ರೊಟ್ಟಿ ಬರಲ್ಲ? ಓವರ್."

"ನಿನಗೆ ಮೈದಾ ಮೂಟೇನೇ ಕಳ್ಸಿದೀನಲ್ಲ. ಮಾಡ್ಕೊಂಡು ತಿನ್ನು. ಓವರ್."

"ಭಾವ, ಕೇಳಿಸ್ಕೊಂಡ್ಯಾ? ನಿನಗೆ ರೊಟ್ಟಿ, ನನಗೆ ಮೂಟೆ. ಓವರ್."

ಕೆರೆ ಕೆರೆಗಳಲ್ಲೆಲ್ಲ ನಗು.

ಹೀಗೆ ಗಾಳಿಯಲ್ಲಿ ಮಾತು ಹರಿಸುವ ಇದೇ ಎಜ್ರಾ, ವಸಂತದಲ್ಲಿ ಕೆರೆಯ ಮಂಜುಗಡ್ಡೆ ಕರಗಿದ ಮೇಲೆ ಕ್ಯಾಂಪಿಗೆ ಹೋಗುವಾಗ, ಶರತ್ಕಾಲದಲ್ಲಿ ವಾಪಸಾಗುವಾಗ ದಕ್ಕೆಯಲ್ಲಿ ಎದುರಿಗೆ ಸಿಕ್ಕರೆ ಮರದ ತೊಲೆಯಾಗಿಬಿಡುತ್ತಿದ್ದ. "ಬಂದೆ" ಎನ್ನುವುದು, ಪೆಟ್ಟಿಗೆ ಹೊರುವುದು, "ಹೊರಟೆ" ಎನ್ನುವುದು. ಇವಳೇನು ಕಡಿಮೆಯೇ? ರೇಡಿಯೋ ಮುಂದೆ ಅರಳು ಹುರಿದಂತೆ ಮಾತಾಡುವವಳು ಅವನ ಮುಂದೆ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಲ್ಲುತ್ತಿದ್ದಳು. ಮೌನ ಬಂಗಾರ ಎಂದವನನ್ನು ಒಂದು ದಿನ ಆ ದಕ್ಕೆಯ ಮೇಲೆ ನಿಲ್ಲಿಸಬೇಕಿತ್ತು.

ಈ ಸಲದ ಬೇಸಿಗೆಯ ಕೊನೆಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ಕ್ಯಾಂಪುಗಳ ಒಡೆಯ ಮರ್ವಿನ್ ಹೇಳಿದ್ದು. ಐಲಿಯ ಕಣ್ಣೆದುರೇ ಚಡ್ಡಿಯಲ್ಲಿ ಓಡಾಡಿಕೊಂಡಿದ್ದು ದೊಡ್ಡವನಾದವನು ಆತ, ಅವಳ ಮುಖ ನೋಡದೆ ಹೇಳಿದ: "ಮುಂದಿನ ವರ್ಷದಿಂದ ಎಲ್ಲಾ ಕಡೆ ಉಪಗ್ರಹದ ಫೋನು ಇಡ್ತೀವಿ ಐಲಿ. ಏನಾದ್ರೂ ಬೇಕಾದ್ರೆ ಮಾತ್ರ ಮಾಡ್ತಾರೆ. ರೇಡಿಯೋ ಬಿಚ್ಚಿಸ್ತೀನಿ. ನೀವೂ ಸಂಜೆ ಮನೆಗೆ ಬೇಗ ಹೋಗ್ಬಹುದು." ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ, ಪಾಪ.

ಇನ್ನೊಂದು, ಅದೇ ಸಂಜೆ ರೇಡಿಯೋದಲ್ಲಿ ಬಂತು. "ನಂದು ಇದೇ ಕೊನೇ ಬೇಸಿಗೆ. ಮಂಡಿ ಕೇಳ್ತಿಲ್ಲ. ಕ್ಯಾಂಪು ಮುಚ್ಚಿದ್ಮೇಲೆ ವಿಮಾನ ನನ್ನನ್ನ ಸೀದಾ ನಮ್ಮೂರಿಗೇ ಬಿಡುತ್ತೆ, ವಾಬನ್‌ಗೆ ಬರೋದಿಲ್ಲ. ಬರ್ಚ್ ಎಲೆ ಹಳದಿಯಾಗಿದೆ. ರೊಟ್ಟಿ ಬಂತು. ಓವರ್."

ಇನ್ನು ದನಿಯೂ ಇಲ್ಲ, ದಕ್ಕೆಯ ಮೇಲಿನ ಆ 'ಹೊರಟೆ'ಯೂ ಇಲ್ಲ. ಹೇಳಬೇಕಾದ್ದು ಐಲಿಯ ಎದೆಯಲ್ಲಿ ಎಷ್ಟೋ ವರ್ಷದಿಂದ ಕೂತಿತ್ತು. ಊರೆಲ್ಲ ಕೇಳಿಸಿಕೊಳ್ಳುವಾಗ ಹೇಗೆ ಹೇಳುವುದೆಂದು ಕೂತಿತ್ತು. ಎದುರೆದುರೇ ಹೇಳಿದರಾಯಿತು, ಒಂದೇ ಒಂದು ಸಲ, ಅಂದುಕೊಂಡಳು. ಆದರೆ ಅಲ್ಲಿಗೆ ಹೋಗುವುದು ಹೇಗೆ? ಹಾರಿಕೊಂಡು.

ಕೊನೆಯ ಗುಂಪು ಮರಳಿದ ಮೇಲೆ, ಕಿಟಕಿಗಳಿಗೆ ಹೊಡೆಯುವ ಹಲಗೆ, ಮೊಳೆ ತೆಗೆದುಕೊಂಡು ವಿಮಾನವೊಂದು ಹುಟ್ಟು ಕಳೆದ ಕೆರೆಗೆ ಹೋಗುವುದಿತ್ತು. ಪಕ್ಕದ ಸೀಟು ಖಾಲಿ. ಐಲಿ ರೊಟ್ಟಿಯ ಗಂಟನ್ನೂ ತನ್ನ ಬಟ್ಟೆಬರೆಯ ಒಂದು ಚೀಲವನ್ನೂ ಹಿಡಿದು, ತಾನೇ ತಕ್ಕಡಿ ಹತ್ತಿ ನಿಂತಳು.

ಊರಿನದೇ ಹುಡುಗ, ಪೈಲಟ್ ರೆಮಿ, ಅವಳನ್ನೂ ಮುಳ್ಳನ್ನೂ ನೋಡಿದ. ಆಮೇಲೆ ತನ್ನ ಟೋಪಿ ತೆಗೆದು ಸೀಟಿನ ಕೆಳಗೆ ತಳ್ಳಿದ.

"ನಿನ್ನಪ್ಪಂಗೆ ಹೇಳ್ತೀನಿ ನೋಡು" ಅಂದಳು ಐಲಿ.

ಜೀವ ಅಂಗೈಯಲ್ಲಿ ಹಿಡಿದು ಕೂತಳು. ಹೊಟ್ಟೆ ತೊಳಸಿತು. ಕಣ್ಣು ಮುಚ್ಚಿಯೇ ಅರ್ಧ ದಾರಿ ಕಳೆಯಿತು. ಆಮೇಲೆ ರೆಮಿ ಭುಜ ತಟ್ಟಿದ. ಕೆಳಗೆ ಕಾಡಿಗಿಂತ ಹೆಚ್ಚು ನೀರಿತ್ತು. ಕೆರೆಯೊಳಗೆ ದ್ವೀಪ, ದ್ವೀಪದೊಳಗೆ ಮತ್ತೆ ಕೆರೆ, ಎಲ್ಲದರಲ್ಲೂ ಆಕಾಶದ ಒಂದೊಂದು ತುಂಡು. ಹಳದಿಯಾದ ಬರ್ಚ್ ಮರಗಳು ದಡದುದ್ದಕ್ಕೂ ದೀಪ ಹಚ್ಚಿಟ್ಟಂತಿದ್ದವು. ಅದು ಮಲಗಿದ ನಾಯಿಯಂಥ ಬಂಡೆ, ಇದು ಮೂಸ್ ಕಡವೆಗಳು ಈಜಿ ದಾಟುವ, ಕೆರೆ ಕಿರಿದಾಗುವ ಕುತ್ತಿಗೆ, ಅಲ್ಲಿ ಜೊಂಡಿನಲ್ಲಿ ಲೂನಿನ ಗೂಡು. ಯಾರೂ ತೋರಿಸದೆ ಗುರುತು ಸಿಗುತ್ತಿತ್ತು. ಸಂಜೆ ಸಂಜೆಗೂ ಅವನು ಹೇಳಿದ್ದ ಜಾಗಗಳವು. ಹೊಟ್ಟೆ ತೊಳಸುವುದನ್ನೇ ಅವಳು ಮರೆತಳು.

ಎಜ್ರಾ ದಕ್ಕೆಯ ಮೇಲೆ ನಿಂತಿದ್ದ. ವಿಮಾನದಿಂದ ಇಳಿದವಳನ್ನು ನೋಡಿ ಕೈಯಲ್ಲಿದ್ದ ಹಗ್ಗವನ್ನು ನೀರಿಗೆ ಬಿಟ್ಟ.

"ಬಂದ್ಯಾ" ಅಂದ.

"ಬಂದೆ" ಅಂದಳು.

ಮುಗಿಯಿತು. ಅಷ್ಟು ದೂರ ಹಾರಿ ಬಂದದ್ದು ಇದಕ್ಕೆ. ಅವನು ಟೀ ಕಾಸಿಕೊಟ್ಟ. ದೋಣಿಗಳನ್ನು ತೋರಿಸಿದ, ಕಟ್ಟಿಗೆ ಒಲೆ ತೋರಿಸಿದ, ಮೀನು ಕೊಯ್ಯುವ ಹಲಗೆ ತೋರಿಸಿದ, ಎಲ್ಲವನ್ನೂ ಬೆರಳಿನಲ್ಲೇ. ಅವಳು ತಲೆಯಾಡಿಸಿದಳು. ನೀರು ಅಲುಗಾಡದೆ ಬಿದ್ದಿತ್ತು. ಎದುರು ದಡದ ಮರಗಳು ತಲೆಕೆಳಗಾಗಿ ನೀರೊಳಗೆ ನಿಂತಿದ್ದವು. ದೂರದಲ್ಲಿ ಲೂನೊಂದು ಕೂಗಿತು, ಇನ್ನೂ ದೂರದಲ್ಲಿ ಅದಕ್ಕೆ ಉತ್ತರ ಬಂತು. ಹಕ್ಕಿಗಳಿಗೆ ಎಷ್ಟು ಸಲೀಸು ಎಂದು ಐಲಿಗೆ ಅಳು ಬಂದಂತಾಯಿತು.

ಮಧ್ಯಾಹ್ನ ಗಾಳಿ ಎದ್ದು ಕೆರೆಯ ತುಂಬ ಬಿಳಿ ನೊರೆ. ರೆಮಿ ಆಕಾಶ ನೋಡಿ, "ಗಾಳಿ ಬಿದ್ಮೇಲೇ ಹೊರಡೋದು, ಕತ್ತಲಾಗೋಕ್ಮುಂಚೆ ಹೋಗ್ಬೇಕು ಅಷ್ಟೆ" ಎಂದು ಹೇಳಿ, ದಕ್ಕೆಯ ತುದಿಯಲ್ಲಿ ಗಾಳ ಹಾಕಿ ಕೂತ. ಸಂಜೆಯಾಗುತ್ತ ಗಾಳಿ ಇಳಿಯಿತು. ಇವರಿಬ್ಬರ ನಡುವೆ ಒಂದು ರೊಟ್ಟಿ, ಎರಡು ಲೋಟ. ಎಜ್ರಾ ಗಡಿಯಾರ ನೋಡಿದ, ನೋಡಿದವನೇ ಬದುಕಿಕೊಂಡವನ ಹಾಗೆ ಎದ್ದ.

"ಏಳಾಯ್ತು" ಎಂದು ಗುಡಿಸಲೊಳಗೆ ಹೋದ.

ಐಲಿ ಅಲ್ಲೇ ನಿಂತಳು. ಹೊರಡುವ ಹೊತ್ತು ಬಂದಿತ್ತು, ಒಂದು ಮಾತೂ ಆಗಿರಲಿಲ್ಲ. ತನ್ನ ಮೇಲೇ ಸಿಟ್ಟು ಬಂತು. ಸಿಟ್ಟಿನಲ್ಲೇ ದಕ್ಕೆಗೆ ನಡೆದು, ವಿಮಾನ ಹತ್ತಿ, ರೆಮಿಯ ಸೀಟಿನಲ್ಲಿ ಕೂತು ಕಿವಿಗೆ ಹೆಡ್‌ಫೋನು ಏರಿಸಿದಳು. ವಿಮಾನದಲ್ಲೂ ಅದೇ ರೇಡಿಯೋ; ಅದರ ತಿರುಗಣಿ ಅವಳಿಗೆ ಹೊಸದಲ್ಲ. ಗೊರಗುಟ್ಟುವ ಸದ್ದು ತುಂಬಿಕೊಂಡಿತು. ಅವಳು ಅಭ್ಯಾಸದಂತೆ ಕಣ್ಣು ಮುಚ್ಚಿದಳು.

ವಾಬನ್‌ನಲ್ಲಿ ಮರ್ವಿನ್ ತಡವರಿಸುತ್ತ ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಕೊನೆಗೆ ಆ ದನಿ ಬಂತು, ಎಂದಿನಂತೆ, ಎಷ್ಟೋ ದೂರದಿಂದ ಬಂದ ಹಾಗೆ.

"ಹುಟ್ಟು ಕಳೆದ ಕೆರೆ. ಮಧ್ಯಾಹ್ನ ಗಾಳಿ ಎದ್ದಿತ್ತು, ಈಗ ಮಲಗಿದೆ. ಹಲಗೆ ಬಂತು, ಮೊಳೆ ಬಂತು. ಓವರ್."

"ಭಾವ, ಒಂದು ಮರೆತೆ" ಅಂದಳು ಡಾರ್ಕಸ್. "ರೊಟ್ಟಿ ಬಂತಾ? ಓವರ್."

"ರೊಟ್ಟಿ ಬಂತು. ರೊಟ್ಟಿ ಮಾಡೋಳೂ ಬಂದಿದಾಳೆ. ಬೆಳಗಿಂದ ಎದುರಿಗೇ ಇದಾಳೆ, ನನಗೆ ಏನ್ ಮಾತಾಡ್ಬೇಕೋ ತಿಳೀತಿಲ್ಲ. ಓವರ್."

ಆ ಸಂಜೆ ಉತ್ತರದ ಕೆರೆಗಳಲ್ಲಿ ಯಾರೂ ನಗಲಿಲ್ಲ. ಐಲಿ ಗುಂಡಿ ಒತ್ತಿದಳು.

"ಹುಟ್ಟು ಕಳೆದ ಕೆರೆ, ನಾನು ಐಲಿ. ವಿಮಾನದಲ್ಲಿ ಕೂತಿದೀನಿ. ಕಿಟಕೀಲಿ ನೋಡಿದ್ರೆ ಕಾಣ್ತೀನಿ. ಓವರ್."

"ಕಾಣ್ತಿದೀಯ. ಓವರ್."

"ನಿಮ್ಮೂರಿಗೆ ಹೋಗ್ಬೇಡ ಎಜ್ರಾ. ವಾಬನ್‌ಗೆ ಬಾ, ನನ್ನ ಮನೇಲಿರು. ಕಟ್ಟಿಗೆ ಒಡೆಯೋರು ಯಾರೂ ಇಲ್ಲ. ಇಲ್ಲ, ಸುಳ್ಳು ಹೇಳ್ದೆ, ಕಟ್ಟಿಗೆ ಒಡೆದಾಗಿದೆ. ನಿನ್ನ ದನಿ ಕೇಳದಿದ್ರೆ ನನಗೆ ಸಂಜೆ ಆಗಲ್ಲ. ಅದಕ್ಕೇ ಹಾರ್ಕೊಂಡು ಬಂದಿದ್ದು. ಊರೆಲ್ಲ ಕೇಳಿಸ್ಕೊಳ್ಳಲಿ. ಓವರ್."

ಅವಳು ಕಣ್ಣು ತೆರೆಯಲಿಲ್ಲ, ತೆರೆಯಲು ಧೈರ್ಯವಿರಲಿಲ್ಲ. ದಕ್ಕೆಯ ಹಲಗೆಗಳು ಕಿರುಗುಟ್ಟಿದವು, ಮಂಡಿ ನೋವಿನವನ ನಿಧಾನದ ಹೆಜ್ಜೆಗೆ. ವಿಮಾನದ ಬಾಗಿಲು ತೆರೆಯಿತು. ಎಜ್ರಾ ಅವಳ ಒಂದು ಕಿವಿಯಿಂದ ಹೆಡ್‌ಫೋನು ಮೆಲ್ಲಗೆ ಸರಿಸಿದ.

"ಬರ್ತೀನಿ" ಅಂದ. "ಕ್ಯಾಂಪು ಮುಚ್ಚೋಕೆ ಒಂದು ವಾರ ಬೇಕು. ಹಲಗೆ ಹಿಡ್ಕೊಳ್ಳೋಕೆ ಒಬ್ರು ಬೇಕು. ಸಂಜೆ ಹೊತ್ತು ಇಲ್ಲಿ ಚೆನ್ನಾಗಿರುತ್ತೆ. ನಾನು ಹೇಳಿದ್ದೆಲ್ಲ ನಿಜಾನೋ ಅಲ್ವೋ ನೀನೇ ನೋಡ್ಬಹುದು."

ಅಷ್ಟು ಮಾತು ಎದುರೆದುರು ಅವನು ಎಂದೂ ಆಡಿರಲಿಲ್ಲ. ಆಡಿದ್ದಕ್ಕೆ ತಾನೇ ಬೆರಗಾದವನಂತೆ ನಿಂತು, ಸೀಟಿನ ಹಿಂದೆ ಕೈ ಚಾಚಿ ಏನನ್ನೋ ತೆಗೆದುಕೊಂಡು ಇಳಿದ. ರೆಮಿ ಗಾಳ ಸುತ್ತುತ್ತ ಇತ್ತ ನೋಡದಿರಲು ಬಹಳ ಕಷ್ಟಪಡುತ್ತಿದ್ದ.

ಇನ್ನೊಂದು ಕಿವಿಯಲ್ಲಿ ಡಾರ್ಕಸ್ ಬಡಿದುಕೊಳ್ಳುತ್ತಿದ್ದಳು. "ಏನಂದ? ಐಲಿ, ಏನಂದ? ಯಾರಾದ್ರೂ ಹೇಳಿ, ನನಗಿಲ್ಲಿ ಸೂಪು ಸೀದು ಹೋಗ್ತಿದೆ. ಓವರ್."

ಐಲಿ ಕಣ್ಣು ತೆರೆದು ನೋಡಿದಳು. ನೋಡಿ, ಗುಂಡಿ ಒತ್ತಿದಳು.

"ನನ್ನ ಚೀಲ ಎತ್ಕೊಂಡು ಮನೆ ಕಡೆ ಹೋಗ್ತಿದಾನೆ. ಓವರ್."