ಎಪಿಫಾನಿಯೊನ ಹೇಂಟೆಗಳು

ನಮ್ಮ ಹೊಳೆದಂಡೆಯ ಊರಿನ ಹೇಂಟೆಗಳೆಲ್ಲ ಎಪಿಫಾನಿಯೊನ ಹಿತ್ತಲಿನಲ್ಲಿದ್ದವು. ಹುಂಜ ಉಳಿದಿದ್ದು ಒಂದೇ, ಅದು ನನ್ನ ಮನೆಯಲ್ಲಿತ್ತು. ಇಷ್ಟು ಹೇಳಿದರೆ ನಮ್ಮ ಗ್ರಹಚಾರ ನಿಮಗೆ ಅರ್ಥವಾಗಬೇಕು.

ಊರಿಗೆ ಆ ಸಾವಿನ ಜ್ವರ ಬರುವ ಮುಂಚೆ ಅವನು ದೋಣಿಗಳ ಬಿರುಕಿಗೆ ಅಂಟು ಮೆತ್ತಿಕೊಂಡಿದ್ದ ಸಾಧು ಪ್ರಾಣಿ. ಸತ್ತವರ ಮನೆಯಲ್ಲಿ ಒಂಬತ್ತು ಸಂಜೆ ಪ್ರಾರ್ಥನೆ ಹೇಳುವವರಲ್ಲಿ ಅವನೂ ಒಬ್ಬ. ಒಂದು ಲೋಟ ಕಬ್ಬಿನ ಸಾರಾಯಿ ಕೊಟ್ಟರೆ ತೃಪ್ತಿ. ಆಮೇಲೆ ಜ್ವರ ಹೊಳೆಗುಂಟ ಹತ್ತಿ ಬಂತು. ಕೆಳಗಿನ ಪಟ್ಟಣದ ಮೋಟಾರು ದೋಣಿ ನಿಂತಿತು, ರೇಡಿಯೊ ಗೊರಗೊರ ಎಂದು ಸುಮ್ಮನಾಯಿತು, ಪಾದ್ರಿ ಸತ್ತ, ಪ್ರಾರ್ಥನೆ ಬಲ್ಲವರೆಲ್ಲ ಸತ್ತರು. ಎಪಿಫಾನಿಯೊ ಮಾತ್ರ ಗುಂಡುಕಲ್ಲಿನ ಹಾಗೆ ಉಳಿದ. ಒಂಬತ್ತನೆಯ ಸಂಜೆಯ ಪ್ರಾರ್ಥನೆ ಆಗದಿದ್ದರೆ ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಅವನ ಕೂಲಿ ಸಾರಾಯಿ ಹೋಗಿ ಬಾಳೆಗೊನೆ ಆಯಿತು, ಬಾಳೆಗೊನೆ ಹೋಗಿ ಸಾವಿಗೊಂದು ಹೇಂಟೆ ಆಯಿತು.

ನನ್ನ ಗಂಡ ಪ್ರಿಮಿತಿವೊ ಸತ್ತಾಗ, ಹೇಂಟೆಯ ಬದಲು ಹುಂಜ ತೆಗೆದುಕೋ ಎಂದು ಬೇಡಿಕೊಂಡೆ.

"ನಿನ್ ಹುಂಜ ಮೊಟ್ಟೆ ಇಡುತ್ತೇನಮ್ಮ?" ಎಂದು ನಕ್ಕು, ಹೇಂಟೆಯನ್ನೇ ಕಾಲು ಕಟ್ಟಿ ಒಯ್ದ.

ಹಸಿವು ತಾಳದೆ ಉಳಿದವರು ತಮ್ಮ ಹುಂಜಗಳನ್ನು ಬೇಯಿಸಿಕೊಂಡರು. ಎಪಿಫಾನಿಯೊ ದಿನವೂ ಮೊಟ್ಟೆ ತಿಂದ, ಮಿಕ್ಕ ಮೊಟ್ಟೆ ಕೊಟ್ಟು ಮೀನು, ಉಪ್ಪು ಕಿತ್ತುಕೊಂಡ. ಮರಿ ಮಾತ್ರ ಒಂದೂ ಆಗಲಿಲ್ಲ. ಹುಂಜವಿಲ್ಲದೆ ಹೇಗಾಗಬೇಕು? ಅವು ಮುದಿಯಾಗುವ ಮೊದಲು ಒಂದು ಹೇಂಟೆ ಸಿಕ್ಕರೆ ಸಾಕು, ಊರು ಮತ್ತೆ ಕೋಳಿ ಕಾಣುತ್ತದೆಂದು ನಾನು ಅವನ ಬೇಲಿಯ ಹತ್ತಿರ ಹೋಗಿ ನಿಂತೆ.

"ಒಂದೇ ಒಂದು ಹೇಂಟೆ ಕೊಡೋ. ಮರಿ ಆದ್ರೆ ಅರ್ಧ ನಿಂಗೆ."

"ಹುಂಜಾನ ಇಲ್ಲಿ ತಂದ್ಬಿಡು. ಮರಿ ಎಲ್ಲಾ ನಂದು."

"ಇಷ್ಟೊಂದು ಇಟ್ಕೊಂಡು ಏನ್ ಮಾಡ್ತೀಯೋ? ಹೋಗುವಾಗ ಹೊತ್ಕೊಂಡ್ ಹೋಗ್ತೀಯಾ?"

"ಬಾಯಿ ಬಿಗಿ ಹಿಡಿ ದೊಮಿತಿಲಾ. ನಾಳೆ ನೀನ್ ಸತ್ರೆ ಯಾರನ್ನ ಕರೀತಾರೆ?"

ಅಲ್ಲಿಗೆ ಎಲ್ಲರ ಬಾಯಿಯೂ ಮುಚ್ಚುತ್ತಿತ್ತು. ಬೇಲಿ ಮುರಿಯೋಣ ಬನ್ನಿ ಎಂದು ಮನೆಮನೆಗೆ ಹೋಗಿ ಹೇಳಿದೆ, ಒಬ್ಬರೂ ಮೇಲೇಳಲಿಲ್ಲ. ವರ್ಷಗಳು ಉರುಳಿದವು. ನನ್ನ ಹುಂಜದ ಕೂಗು ಗೊಗ್ಗರಾಯಿತು, ಅವನ ಹಿತ್ತಲಿನಲ್ಲಿ ಮೊಟ್ಟೆ ಕಡಿಮೆಯಾಗುತ್ತಾ ಬಂತು.

ಕೊನೆಗೆ ಅವನಿಗೇ ಕೆಮ್ಮು ಹಿಡಿಯಿತು. ತನಗೆ ಪ್ರಾರ್ಥನೆ ಹೇಳುವವರು ಯಾರೂ ಇಲ್ಲವೆಂದು ಆಗ ಹೆದರಿಕೆ ಹತ್ತಿತು. ನನ್ನನ್ನು ಕರೆಸಿದ.

"ಕಲ್ತ್ಕೋ ಮಾರಾಯ್ತಿ. ನಿನ್ ನಾಲಿಗೆ ಹೇಗಿದ್ರೂ ಚುರುಕು."

"ಕಲೀತೀನಿ. ಒಂದು ಹೇಂಟೆ ಕೊಡು."

"ಮೊದ್ಲು ಕಲಿ, ಆಮೇಲೆ ನೋಡೋಣ."

ಒಂದೊಂದು ಸಂಜೆಗೆ ಒಂದೊಂದರಂತೆ ಎಂಟು ಪ್ರಾರ್ಥನೆ ಬಾಯಿಪಾಠ ಮಾಡಿಸಿದ. ಯಾವ ಮನೆಯಲ್ಲೂ ಯಾರಿಗೂ ಕೇಳಿಸದ ಹಾಗೆ ತುಟಿಯೊಳಗೇ ಹೇಳಿ ಮುಗಿಸುತ್ತಿದ್ದ ಒಂಬತ್ತನೆಯದಕ್ಕೆ ಬಂದು ನಿಲ್ಲಿಸಿಬಿಟ್ಟ.

"ಹುಂಜ ತಂದು ಈ ಮಂಚದ ಕಾಲಿಗೆ ಕಟ್ಟು. ಆಮೇಲೆ ಹೇಳ್ಕೊಡ್ತೀನಿ."

"ಸಾಯೋ ಹೊತ್ತಲ್ಲೂ ವ್ಯಾಪಾರಾನಾ?"

"ನಾನೆಲ್ಲಿ ಸಾಯ್ತಾ ಇದೀನಿ?"

ಹಲ್ಲು ಕಚ್ಚಿಕೊಂಡು ಮನೆಗೆ ಹೋದೆ. ಆ ಹಾಳು ಹುಂಜ ಕೈಗೆ ಸಿಗದೆ ಹಿತ್ತಲೆಲ್ಲ ಓಡಾಡಿಸಿತು. ಅದನ್ನು ಕಂಕುಳಲ್ಲಿ ಅದುಮಿಕೊಂಡು ಬರುವಷ್ಟರಲ್ಲಿ ಎಪಿಫಾನಿಯೊ ಬಾಯಿ ತೆರೆದುಕೊಂಡು ಸತ್ತಿದ್ದ. ಭುಜ ಹಿಡಿದು ಅಲುಗಾಡಿಸಿದೆ. "ಹೇಳಿ ಸಾಯೋಕೇನಾಗಿತ್ತು ನಿಂಗೆ," ಎಂದು ಬೈದೆ. ಹುಂಜ ಕೈಯಿಂದ ಜಾರಿ ಮಂಚದ ಕೆಳಗೆ ಸೇರಿಕೊಂಡಿತು.

ಎಂಟು ಸಂಜೆ ಪ್ರಾರ್ಥನೆ ಹೇಳಿದೆ. ಒಂಬತ್ತನೆಯ ಸಂಜೆ ಊರೆಲ್ಲ ಬಂದು ಕೂತು ನನ್ನ ಮುಖ ನೋಡಿತು. ಮೇಣದಬತ್ತಿ ಆರಿಸಿ ಎಲ್ಲರನ್ನೂ ಮನೆಗೆ ಕಳಿಸಿದೆ. ಇನ್ನು ಮುಂದೆ ಈ ಊರಿನಲ್ಲಿ ಸಾಯುವವರು ಯಾರೂ, ನಾನೂ ಸೇರಿ, ಮನೆ ಬಿಟ್ಟು ಹೋಗುವಂತಿಲ್ಲ.

ಹುಂಜವನ್ನು ಅವನ ಹಿತ್ತಲಿನಲ್ಲೇ ಬಿಟ್ಟಿದ್ದೇನೆ. ಅದು ಪಾಪ, ಹೇಂಟೆಗಳ ಹಿಂದೆ ಓಡುತ್ತದೆ. ಅವುಗಳಿಗೆ ಮೊಟ್ಟೆ ಇಡುವ ಕಾಲ ಮುಗಿದಿದೆ. ಬೆಳಿಗ್ಗೆ ಜೋಳ ಎರಚಲು ಹೋದಾಗ, ಹೊಸ್ತಿಲ ಮೇಲೆ ಅವನು ಕೋಳಿ ಕಾಯುತ್ತಾ ಕೂತಿದ್ದಾನೆ ಎನಿಸುತ್ತದೆ.

"ತಗೋ, ಎಲ್ಲಾ ನಿಂದೇ," ಎಂದು ಹೇಳಿ ಬರುತ್ತೇನೆ.