ಟ್ರೈನರ್‌ಗೆ ನಿಂಬೆಹಣ್ಣು ಎಲ್ಲಿಡೋದು?

ಕುಮಾರಸ್ವಾಮಿ ಲೇಔಟಿನ ಪಾತ್ರೆ ಅಂಗಡಿ ಜಯದೇವಪ್ಪನವರಿಗೆ ಯಾವ ಮಾಲನ್ನಾದರೂ ಪರೀಕ್ಷಿಸಲು ಎರಡೇ ದಾರಿ ಗೊತ್ತಿತ್ತು: ತೂಗಿ ನೋಡುವುದು, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುವುದು. ಮೂವತ್ತೈದು ವರ್ಷ ತಟ್ಟಿ ತಟ್ಟಿ ಅವರ ಬಲಗೈ ನಡುಬೆರಳು ಅರ್ಧ ಇಂಚು ಸವೆದಿತ್ತು. ಮಗಳಿಗೆ ಬಂದ ವರನನ್ನೂ ಬೆನ್ನು ತಟ್ಟಿ ನೋಡಿಯೇ ಒಪ್ಪಿದ್ದು.

ಇಂಥವರಿಗೆ ಸೈಕಲ್ ಹುಚ್ಚು. ಹನ್ನೆರಡು ವರ್ಷ ಪ್ರತಿ ಶಿವರಾತ್ರಿಗೆ ಗೆಳೆಯ ಸಂಜೀವಯ್ಯನ ಜೊತೆ ಶಿವಗಂಗೆಗೆ ಸೈಕಲ್ಲಿನಲ್ಲೇ ಹೋಗುತ್ತೇನೆಂದು ಹರಕೆ ಹೊತ್ತಿದ್ದರು. ಹನ್ನೊಂದು ವರ್ಷ ತಪ್ಪಿಸಿರಲಿಲ್ಲ. ಹನ್ನೆರಡನೆಯದು ಮುಗಿದರೆ ಹರಕೆ ತೀರುತ್ತಿತ್ತು. ಅಷ್ಟರಲ್ಲಿ ಡಿಸೆಂಬರ್ ಬಂತು. ಆ ಸಲದ ಚಳಿ ಎಂಥದೆಂದರೆ, ಹಾಲಿನವನು ಹಾಲನ್ನು ಅಳೆದು ಹಾಕದೆ ಮುರಿದು ಕೊಡುತ್ತಿದ್ದ. ಜಯದೇವಪ್ಪನವರ ಎದೆ ಗೊರಗೊರ ಎಂದಿತು. "ಚಳಿ ಮುಗಿಯೋ ತನಕ ಬೆಳಗಿನ ಮಂಜಿಗೆ ಹೋಗ್ಲೇಕೂಡದು" ಎಂದರು ಡಾಕ್ಟರು. ಬಿಸಿಲೇರಿದ ಮೇಲೆ ಅಂಗಡಿ, ರಸ್ತೆ ತುಂಬ ಬಸ್ಸು. ಎರಡು ತಿಂಗಳು ತುಳಿಯದೆ ಕೂತರೆ ಕಾಲು ಕೈಕೊಡುವುದು ಖಂಡಿತ.

"ಈ ಸಲ ಕಾರಲ್ಲಿ ಬಂದ್ಬಿಡಯ್ಯ ಜಯದೇವ. ಬೆನ್ನಿಗೊಂದು ದಿಂಬು ಇಡ್ತೀನಿ" ಎಂದು ಸಂಜೀವಯ್ಯ ಹಂಗಿಸಿದ.

ದಿಂಬಿನ ಮಾತು ಮೊಳೆಯ ಹಾಗೆ ನಾಟಿತು. ಜಯದೇವಪ್ಪನವರು ನೇರ ಜೆ.ಪಿ. ನಗರಕ್ಕೆ, ವೇಣುವಿನ ಸೈಕಲ್ ಅಂಗಡಿಗೆ ಹೋದರು.

"ಮನೇಲೇ ತುಳಿಯೋಕೆ ಸ್ಮಾರ್ಟ್ ಟ್ರೈನರ್ ಇದೆ ಸಾರ್" ಎಂದ ವೇಣು. "ಸೈಕಲ್ ಹಿಂಭಾಗನ ಇದಕ್ಕೆ ಸಿಕ್ಕಿಸ್ತೀರ. ಎದುರಿಗೆ ಮೊಬೈಲಲ್ಲಿ ರಸ್ತೆ ಬರುತ್ತೆ. ಅಲ್ಲಿ ಏರು ಬಂದ್ರೆ ಇಲ್ಲಿ ಪೆಡಲ್ ತಾನಾಗೇ ಬಿಗಿಯಾಗುತ್ತೆ."

ಜಯದೇವಪ್ಪನವರು ತಟ್ಟಿದರು. ಸದ್ದಿನಿಂದ ಏನೂ ತಿಳಿಯಲಿಲ್ಲ. "ಎಷ್ಟು ಕೆ.ಜಿ.?"

"ಒಳಗಿನ ಚಕ್ರ ಐದು ಕೆ.ಜಿ. ಸಾರ್. ಸಾವಿರದೈನೂರು ವಾಟ್ ತಡೆಯುತ್ತೆ."

"ನಮ್ಮನೆ ಮಿಕ್ಸೀನೇ ಏಳ್ನೂರೈವತ್ತು ವಾಟ್. ಕರೆಂಟ್ ಬಿಲ್ ಗತಿ ಏನಪ್ಪ?"

"ಆ ವಾಟ್ ಕರೆಂಟಿಂದಲ್ಲ ಸಾರ್, ನೀವು ತುಳಿದು ಕೊಡೋದು."

"ನಾನು ಕೊಡೋದಾ? ಹಂಗಿದ್ರೆ ಬಿಲ್ಲಲ್ಲಿ ಕಳೀತಾರಾ?"

ವೇಣು ನೀರು ಕುಡಿದು ಮುಂದುವರಿಸಿದ. ಒಂದು ಜಾತಿಯದಕ್ಕೆ ಸೈಕಲ್ಲಿನ ಹಿಂದಿನ ಚಕ್ರ ಕಳಚಿ, ಚೈನನ್ನು ನೇರ ಯಂತ್ರಕ್ಕೇ ಹಾಕಬೇಕು. ಲೆಕ್ಕ ಕರಾರುವಾಕ್ಕು, ಸದ್ದು ಕಡಿಮೆ, ಬೆಲೆ ಐವತ್ತು ಸಾವಿರ. ಇನ್ನೊಂದಕ್ಕೆ ಚಕ್ರ ಇದ್ದ ಹಾಗೇ ಇರುತ್ತದೆ, ಟೈರು ಒಂದು ಉರುಳೆಗೆ ಒತ್ತಿಕೊಂಡು ತಿರುಗುತ್ತದೆ. ಸದ್ದು ಜಾಸ್ತಿ, ಟೈರು ಸವೆಯುತ್ತದೆ, ಬೆಲೆ ಇಪ್ಪತ್ತೆರಡು. ಜಯದೇವಪ್ಪನವರು ಮನೆಗೆ ಬಂದು ಮೂರು ದಿನ ಮೊಬೈಲಿನಲ್ಲಿ ಏಳು ವಿಡಿಯೊ ನೋಡಿದರು. ಏಳರಲ್ಲಿ ಹದಿನಾಲ್ಕು ಅಭಿಪ್ರಾಯಗಳಿದ್ದವು. ಗಿರಾಕಿ ಕುಕ್ಕರ್ ಕೇಳಿದರೆ ಇವರು "ಚಕ್ರ ಇರೋದೋ, ಇಲ್ಲದ್ದೋ?" ಎಂದು ಕೇಳುವಷ್ಟು ತಲೆ ಕೆಟ್ಟಿತು.

ನಾಲ್ಕನೆಯ ದಿನ ಹೆಂಡತಿ ಸಿದ್ದಗಂಗಮ್ಮನವರನ್ನೂ ಕರೆದುಕೊಂಡು ಹೋದರು. ಆಕೆ ಎರಡನ್ನೂ ಸುತ್ತಿ ಬಂದು ಒಂದೇ ಪ್ರಶ್ನೆ ಕೇಳಿದರು. "ಪೂಜೆ ದಿನ ನಿಂಬೆಹಣ್ಣು ಎಲ್ಲಿಡೋದು?"

ಆ ಮನೆಗೆ ಬಂದ ಯಾವ ಗಾಡಿಯೂ ಚಕ್ರದಡಿ ನಿಂಬೆಹಣ್ಣು ಅರೆಯದೆ ಹೊಸಿಲು ದಾಟಿರಲಿಲ್ಲ. ವೇಣು ತಡವರಿಸಿದ. "ಆಂಟಿ, ಇದು ಎಲ್ಲಿಗೂ ಹೋಗಲ್ಲ. ನಿಂತಲ್ಲೇ ಇರುತ್ತೆ."

"ನಿಂತಲ್ಲೇ ಇದ್ರೇನು, ಇವ್ರು ಅದರ ಮೇಲೆ ದಿನಾ ಇಪ್ಪತ್ತು ಕಿಲೋಮೀಟರ್ ಹೋಗ್ತೀನಿ ಅಂತಾರಲ್ಲ. ಅಂದ್ಮೇಲೆ ಅದು ಗಾಡೀನೇ."

ಐವತ್ತು ಸಾವಿರದ್ದಕ್ಕೆ ಹಿಂದಿನ ಚಕ್ರವೇ ಇಲ್ಲ. ಇಪ್ಪತ್ತೆರಡು ಸಾವಿರದ್ದರಲ್ಲಿ ಟೈರಿಗೂ ಉರುಳೆಗೂ ನಡುವೆ ಸಂದು ಬಿಡಬಹುದು, ಸರಿಯಾಗಿ ಒಂದು ಹಣ್ಣಿನಷ್ಟು. ಸಿದ್ದಗಂಗಮ್ಮ ಅಲ್ಲಿ ಬೆರಳಿಟ್ಟು, "ಇದನ್ನ ಕಟ್ಕೊಡಪ್ಪ" ಎಂದರು. ಮೂರು ದಿನದ ಗೊಂದಲ ಮೂರು ನಿಮಿಷಕ್ಕೆ ಮುಗಿಯಿತು.

ಸೋಮವಾರ ಮಂಜು ಕರಗಿದ ಮೇಲೆ, ಅಂಗಡಿಗೆ ಹೊರಡುವ ಮುಂಚೆ, ಬಾಲ್ಕನಿಯಲ್ಲಿ ಯಂತ್ರಕ್ಕೆ ವಿಭೂತಿಯ ಮೂರು ಪಟ್ಟೆ ಬಿದ್ದವು. ಜಯದೇವಪ್ಪನವರು ಹತ್ತಿ ತುಳಿದರು. ಹಣ್ಣು ಪಟ್ಟೆಂದು ಸಿಡಿದು, ಅರ್ಧ ಗೋಡೆಗೆ ಹಾರಿತು, ಉಳಿದರ್ಧ ಪಕ್ಕದ ಮನೆಯವರ ಕಾಫಿಗೆ ಬಿತ್ತು. ಒರೆಸಿ, ಟೈರು ಬಿಗಿದು, ಮೊಬೈಲಿನ ರಸ್ತೆಯಲ್ಲಿ ಎರಡು ನಿಮಿಷ ಹೋಗಿರಬೇಕು, ಪೆಡಲ್ ಕಲ್ಲಿನಂತಾಯಿತು.

"ಬೀಜ ಸಿಕ್ಕಾಕ್ಕೊಂಡಿದೆ ಕಣೇ!" ಎಂದು ಇಳಿದು ಹುಡುಕಿದರು. ಸಿಗಲಿಲ್ಲ. ವೇಣುವಿಗೆ ಫೋನು ಮಾಡಿದರು.

"ಅದು ಏರು ಸಾರ್. ಮೊಬೈಲಲ್ಲಿ ನೋಡಿ."

ನೋಡಿದರೆ ಹೌದು, ಏರು. ಆದರೆ ಅನುಮಾನ ಹೋಗಲಿಲ್ಲ. ಪೆಡಲ್ ಬಿಗಿದಾಗಲೆಲ್ಲ ಬೆಟ್ಟವೋ ಬೀಜವೋ ಎಂದು ಇಳಿದು ನೋಡುವುದು, ಮತ್ತೆ ಹತ್ತುವುದು. ಒಳಗಿನಿಂದ ಸಿದ್ದಗಂಗಮ್ಮ, "ರೀ, ಜೆ.ಪಿ. ನಗರ ದಾಟಿದ್ರಾ?" ಎಂದು ಕೂಗುವರು. "ಇಲ್ವೇ, ಇನ್ನೂ ಬಾಲ್ಕನೀಲೇ ಇದೀನಿ" ಎಂದು ಇವರು ಏದುಸಿರಿನಲ್ಲಿ ಹೇಳುವರು. ಎರಡು ತಿಂಗಳಲ್ಲಿ ಎಷ್ಟು ತುಳಿದರೆಂದರೆ, ಚಕ್ರದ ಗಾಳಿಗೆ ಎದುರು ಮನೆಯ ಬಟ್ಟೆಗಳು ಹಿಂಡದೆಯೇ ಒಣಗುತ್ತಿದ್ದವು.

ಶಿವರಾತ್ರಿ ಬಂತು. ಮಂಜು ಹೋಗಿತ್ತು, ಡಾಕ್ಟರು ತಲೆಯಾಡಿಸಿದ್ದರು. ದಾರಿಯುದ್ದಕ್ಕೂ ಜಯದೇವಪ್ಪನವರೇ ಮುಂದೆ. ಶಿವಗಂಗೆ ಹತ್ತಿರದ ಕಡೆಯ ಏರಿನಲ್ಲಿ ಪೆಡಲ್ ಬಿಗಿಯಿತು. ತಕ್ಷಣ ಇಳಿದು, ಬಗ್ಗಿ, ಹಿಂದಿನ ಚಕ್ರ ತಡಕತೊಡಗಿದರು.

ಸಂಜೀವಯ್ಯ ಉಸ್ಸೆನ್ನುತ್ತ ಬಂದು ಮುಟ್ಟಿದ. "ಪಂಕ್ಚರಾ?"

"ಅಲ್ಲಯ್ಯ, ನಿಂಬೆ ಬೀಜ ಏನಾದ್ರೂ..."

ಸಂಜೀವಯ್ಯ ಅವರನ್ನು ನೋಡಿದ, ಮೇಲಕ್ಕೆ ನೋಡಿದ. "ಅದು ಬೆಟ್ಟ ಕಣಯ್ಯ."

ಜಯದೇವಪ್ಪನವರು ತಲೆಯೆತ್ತಿದರು. ಬೆಟ್ಟವೇನೋ ಇತ್ತು. ಆದರೂ ರಸ್ತೆ ಬದಿಯ ಬಂಡೆಯನ್ನು ಗೆಣ್ಣಿನಿಂದ ಎರಡು ಸಲ ತಟ್ಟಿ, ಸದ್ದು ಕೇಳಿ, ಆಮೇಲೆಯೇ ಸೈಕಲ್ ಹತ್ತಿದರು. ಹನ್ನೆರಡನೆಯ ವರ್ಷದ ಹರಕೆಯ ಕಾಯಿ ಒಡೆಯುವ ಹೊತ್ತಿಗೆ ಸಂಜೀವಯ್ಯ ಇನ್ನೂ ಅದೇ ಬಂಡೆಯ ಹತ್ತಿರ ಕೂತಿದ್ದ.